ಮೌಂಟೇನ್ ಬೈಕ್ ರೇಸಿನಲ್ಲಿ ಡ್ರಾಪ್ ಮತ್ತು ಜಂಪ್‌ಗಳ ಮೇಲೆ ಲೈನ್ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರಾಪಿಗೂ ಜಂಪಿಗೂ ಲೈನ್ ಆರಿಸುವ ವಿಧಾನ ಒಂದೇ ಅಲ್ಲವೇ?

ಅಲ್ಲ. ಲೈನ್ ಎಂದರೆ ಮಾರ್ಗದ ಅಗಲದೊಳಗೆ ಸವಾರರು ಆರಿಸಿಕೊಂಡು ಹಿಡಿಯುವ ನಿರ್ದಿಷ್ಟ ಹಾದಿ. ಡ್ರಾಪಿನಲ್ಲಿ ನೆಲವು ಒಮ್ಮೆಲೇ ಕೆಳಗಿಳಿಯುತ್ತದೆ, ಸವಾರರು ಹೆಚ್ಚುಕಡಿಮೆ ನೇರವಾಗಿ ಮುಂದಕ್ಕೆ ಹೊರಟು ಕೆಳಗೆ ಬರುತ್ತಾರೆ. ಜಂಪಿನಲ್ಲಿ ನೆಲವೇ ಮೇಲಕ್ಕೇರಿ ಸವಾರರನ್ನು ಎಸೆಯುತ್ತದೆ. ನೋಡುವವರಿಗೆ ಎರಡೂ ಹಾರಾಟವೇ ಆದರೂ ವೇಗದ ತಪ್ಪನ್ನು ಅವು ಬೇರೆ ಬೇರೆ ರೀತಿಯಲ್ಲಿ ಶಿಕ್ಷಿಸುತ್ತವೆ. ಅಂಚು ಮಟ್ಟವಾಗಿರುವ ಡ್ರಾಪಿನಲ್ಲಿ ಗಾಳಿಯಲ್ಲಿರುವ ಸಮಯವನ್ನು ಎತ್ತರವೇ ನಿರ್ಧರಿಸುವುದರಿಂದ, ವೇಗ ಶೇ. 10ರಷ್ಟು ಹೆಚ್ಚಾದರೆ ಹಾರುವ ದೂರವೂ ಸುಮಾರು ಶೇ. 10ರಷ್ಟೇ ಹೆಚ್ಚುತ್ತದೆ. ಜಂಪಿನಲ್ಲಿ ವೇಗ ಹೆಚ್ಚಿದಂತೆ ಗಾಳಿಯಲ್ಲಿರುವ ಸಮಯವೂ ಹೆಚ್ಚುತ್ತದೆ. ಹೊರಟ ಮಟ್ಟಕ್ಕೇ ಬಂದಿಳಿಯುವ ಜಂಪಾದರೆ ದೂರವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ, ಅಂದರೆ ಶೇ. 10ರಷ್ಟು ಹೆಚ್ಚಿನ ವೇಗಕ್ಕೆ ಶೇ. 21ರಷ್ಟು ಹೆಚ್ಚಿನ ದೂರ, ಶೇ. 20ರಷ್ಟು ಕಡಿಮೆ ವೇಗಕ್ಕೆ ಶೇ. 36ರಷ್ಟು ಕಡಿಮೆ ದೂರ.

ಹೀಗಾಗಿ ಡ್ರಾಪಿನ ಮುಂದೆ ನಿಂತಾಗ ಮೊದಲು ಕೇಳಿಕೊಳ್ಳಬೇಕಾದದ್ದು ಎಲ್ಲಿಂದ, ಯಾವ ದಿಕ್ಕಿಗೆ ಹೊರಡಬೇಕು ಎಂಬುದನ್ನು. ಜಂಪಿನ ಮುಂದೆ ಮೊದಲ ಪ್ರಶ್ನೆ ವೇಗದ್ದು. ಬಿಗಿಯಾದ ತಿರುವು ಮುಗಿದ ಕೂಡಲೇ ದೊಡ್ಡ ಜಂಪ್ ಇದ್ದರೆ, ಆ ಜಂಪಿನ ಲೈನ್ ನಿಜವಾಗಿ ತಿರುವಿನ ಲೈನೇ ಆಗಿರುತ್ತದೆ, ಏಕೆಂದರೆ ಹಾರಲು ಬೇಕಾದ ವೇಗವನ್ನು ಉಳಿಸಿಕೊಳ್ಳುವುದೋ ಕಳೆದುಕೊಳ್ಳುವುದೋ ಅಲ್ಲಿಯೇ ತೀರ್ಮಾನವಾಗಿಬಿಡುತ್ತದೆ.

ಲೈನನ್ನು ಎಲ್ಲಿಂದ ಯೋಚಿಸಲು ಆರಂಭಿಸಬೇಕು?

ಕೆಳಗಿನಿಂದ. ಹೆಚ್ಚಿನವರು ಡ್ರಾಪಿನ ಅಂಚಿಗೆ ಬಂದು ನಿಂತು, ಕೆಳಗೆ ಇಣುಕಿ, ಅಂಚಿನಲ್ಲಿ ಎಲ್ಲಿ ಹೊರಡುವುದು ಸುಲಭ ಎಂದು ಹುಡುಕುತ್ತಾರೆ. ಈ ಕ್ರಮವೇ ತಿರುವುಮುರುವಾಗಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲು ಗೊತ್ತಾಗಬೇಕಾದದ್ದು ಇಳಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದು: ಎಡಕ್ಕೆ ತಿರುವಿದೆಯೇ, ಏರು ಆರಂಭವಾಗುತ್ತದೆಯೇ, ಕಲ್ಲುಗಳ ರಾಶಿ ಇದೆಯೇ? ಅದಕ್ಕೆ ತಕ್ಕಂತೆ ಚಕ್ರಗಳು ನೆಲ ಮುಟ್ಟಬೇಕಾದ ಜಾಗ ನಿಶ್ಚಯವಾಗುತ್ತದೆ. ಆ ಜಾಗಕ್ಕೆ ತಲುಪಿಸುವ ದಿಕ್ಕು ಮತ್ತು ವೇಗ ಯಾವುದೆಂಬುದು ಅಂಚಿನ ಬಿಂದುವನ್ನು ನಿಶ್ಚಯಿಸುತ್ತದೆ. ಆ ಬಿಂದುವಿಗೆ ನೇರವಾಗಿ, ಬ್ರೇಕ್ ಹಿಡಿಯದೆ ಬರಲು ಎಲ್ಲಿಂದ ಸಾಲು ಹಿಡಿಯಬೇಕು ಎಂಬುದು ಕೊನೆಯಲ್ಲಿ ಬರುವ ಲೆಕ್ಕ.

ಹೀಗೆ ಹಿಂದುಮುಂದಾಗಿ ಯೋಚಿಸಲೇಬೇಕಾದದ್ದಕ್ಕೆ ಕಾರಣ ಸರಳವಾಗಿದೆ. ಚಕ್ರಗಳು ನೆಲ ಬಿಟ್ಟ ಮೇಲೆ ಸವಾರರು ಬೈಕನ್ನು ಓರೆ ಮಾಡಬಹುದು, ಹ್ಯಾಂಡಲ್ ತಿರುಗಿಸಬಹುದು, ಆದರೆ ಸಾಗುತ್ತಿರುವ ಪಥವನ್ನು ಬದಲಾಯಿಸಲಾಗದು. ಅಂಚನ್ನು ಬಯಸಿದ ದಿಕ್ಕಿಗಿಂತ 10 ಡಿಗ್ರಿಯಷ್ಟು ಓರೆಯಾಗಿ ಬಿಟ್ಟವರು ನಾಲ್ಕೂವರೆ ಮೀಟರ್ ಮುಂದೆ ಇಳಿಯುವ ಹೊತ್ತಿಗೆ ಸುಮಾರು 80 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತಾರೆ. ಕಾಡಿನ ಕಿರಿದಾದ ಹಾದಿಯಲ್ಲಿ ಅಷ್ಟು ದೂರದಲ್ಲಿ ಮರವೂ ಇರಬಹುದು. ಈ ಓರೆಯನ್ನೇ ಬೇಕೆಂದು ಬಳಸಿಕೊಳ್ಳುವವರೂ ಇದ್ದಾರೆ: ಮುಂದಿನ ತಿರುವಿನ ಹೊರಬದಿಗೆ ಇಳಿಯಬೇಕಾದಾಗ ಅಂಚಿನ ಒಳಬದಿಯಿಂದ ಸ್ವಲ್ಪ ಹೊರಮುಖವಾಗಿ ಹೊರಟರೆ, ನೆಲದ ಮೇಲೆ ಮಾಡಬೇಕಾಗಿದ್ದ ತಿದ್ದುಪಡಿಯ ಒಂದು ಭಾಗವು ಗಾಳಿಯಲ್ಲೇ ಮುಗಿದಿರುತ್ತದೆ. ಅಂಚು ಒಣಗಿದ್ದು, ಹಿಡಿತ ಚೆನ್ನಾಗಿದ್ದರೆ ಮಾತ್ರ ಇದನ್ನು ಯೋಚಿಸಬಹುದು.

ಹೆದರಿಕೆಯಾದಾಗ ವೇಗ ತಗ್ಗಿಸಿ ಇಳಿಯುವುದು ಸುರಕ್ಷಿತವಲ್ಲವೇ?

ಡ್ರಾಪಿನ ಮಟ್ಟಿಗೆ ಹಲವು ಸಲ ಇದರ ಉಲ್ಟಾ ನಿಜ. ಮುಂದಿನ ಚಕ್ರ ಅಂಚು ದಾಟಿದ ಮೇಲೂ ಹಿಂದಿನ ಚಕ್ರ ಸ್ವಲ್ಪ ಹೊತ್ತು ನೆಲದ ಮೇಲೆಯೇ ಇರುತ್ತದೆ. ಎರಡು ಚಕ್ರಗಳ ನಡುವಿನ ಅಂತರ 1.2 ಮೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಆ ಅವಧಿ 0.12 ಸೆಕೆಂಡ್. ಆಸರೆಯಿಲ್ಲದೆ ಬೀಳುವ ವಸ್ತು ಅಷ್ಟರಲ್ಲಿ ಇಳಿಯುವುದು ಕೇವಲ 7 ಸೆಂಟಿಮೀಟರ್. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಅದು 28 ಸೆಂಟಿಮೀಟರ್ ಆಗುತ್ತದೆ. ಸೆಕೆಂಡಿಗೆ 3 ಮೀಟರಿಗೆ, ಅಂದರೆ ಗಂಟೆಗೆ 11 ಕಿಲೋಮೀಟರಿನಷ್ಟು ವೇಗಕ್ಕೆ ಬಂದರೆ 78 ಸೆಂಟಿಮೀಟರ್. ನಿಜವಾದ ಬೈಕಿನಲ್ಲಿ ಸವಾರರ ಭಾರ ಎಲ್ಲಿದೆ ಎಂಬುದರ ಮೇಲೆ ಅಂಕಿ ಹೆಚ್ಚುಕಡಿಮೆ ಆದರೂ, ನಿಧಾನವಾಗಿ ಹೋದಷ್ಟೂ ಮೂತಿ ಕೆಳಗಾಗಿ ಮುಗ್ಗರಿಸುವ ಸಂಭವ ಹೆಚ್ಚು ಎಂಬ ಮಾತು ಬದಲಾಗುವುದಿಲ್ಲ.

ಆದ್ದರಿಂದ ನಿಧಾನವಾಗಿ ಡ್ರಾಪನ್ನು ಹಾರಬೇಕಾದ ಅನಿವಾರ್ಯತೆ ಬಂದಾಗ, ಮುಂದಿನ ಚಕ್ರ ಅಂಚು ಬಿಡುವ ಕ್ಷಣದಲ್ಲಿ ಸೊಂಟವನ್ನು ಹಿಂದಕ್ಕೆ ಒಯ್ದು ಬೈಕನ್ನು ಮುಂದಕ್ಕೆ ತಳ್ಳಿ ಆ ಚಕ್ರವನ್ನು ಹಗುರ ಮಾಡಬೇಕಾಗುತ್ತದೆ. ವೇಗ ಸಾಕಷ್ಟಿದ್ದರೆ ಇಷ್ಟು ಸಾಹಸ ಬೇಡ. ಮಧ್ಯದಲ್ಲಿ ಸಮತೋಲನದಿಂದ ನಿಂತು, ಮೊಣಕಾಲು ಮೊಣಕೈ ಸಡಿಲ ಬಿಟ್ಟು ಹೋದರೆ ಬೈಕು ತಾನೇ ಮಟ್ಟವಾಗಿ ಸಾಗುತ್ತದೆ. ಲೈನ್ ಆರಿಸುವಾಗ ಇದರ ಅರ್ಥವೇನೆಂದರೆ, ಅಂಚಿನವರೆಗೆ ವೇಗವನ್ನು ಕಾಯ್ದುಕೊಳ್ಳಲು ಬಿಡುವ ಲೈನು, ಇಳಿಯುವ ಜಾಗ ತುಸು ಒರಟಾಗಿದ್ದರೂ, ಅಂಚಿನ ಬಳಿ ಬ್ರೇಕ್ ಹಿಡಿಸುವ ನುಣುಪಾದ ಲೈನಿಗಿಂತ ಒಳ್ಳೆಯದಾಗಿರಬಹುದು.

ಹಾಗಾದರೆ ಬ್ರೇಕ್ ಎಲ್ಲಿ ಹಿಡಿಯಬೇಕು?

ಅಂಚಿಗೆ ಬಹಳ ಮುಂಚೆ, ಚಕ್ರಗಳು ನೇರವಾಗಿ ಉರುಳುತ್ತಿರುವಾಗ, ಹಿಡಿತವಿರುವ ನೆಲದ ಮೇಲೆ. ಕೊನೆಯ ಒಂದೆರಡು ಬೈಕ್ ಉದ್ದದ ಹಾದಿಯಲ್ಲಿ ಬ್ರೇಕ್ ಹಿಡಿದರೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಕುಗ್ಗಿ ಭಾರ ಮುಂದಕ್ಕೆ ಬರುತ್ತದೆ, ಅಂಚಿನಲ್ಲಿ ಅತ್ಯಂತ ಅನಪೇಕ್ಷಿತವಾದದ್ದು ಅದೇ.

ಕೆಳಗೆ ನುಣುಪಾದ ಸಮತಟ್ಟು ಮತ್ತು ಒರಟಾದ ಇಳಿಜಾರು ಎರಡೂ ಇದ್ದರೆ ಯಾವುದರ ಮೇಲೆ ಇಳಿಯಬೇಕು?

ಕಲ್ಲು ಅಪಾಯಕಾರಿಯಾಗಿ ಎದ್ದುನಿಂತಿಲ್ಲದಿದ್ದರೆ ಇಳಿಜಾರಿನ ಮೇಲೆ. ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತುವಿನ ಕೆಳಮುಖ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಮುಂದಕ್ಕೆ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಹೋಗುತ್ತಿರುವ ಸವಾರರು ಒಂದು ಮೀಟರ್ ಕೆಳಗೆ ತಲುಪುವಾಗ ಅವರ ಪಥವು ಮಟ್ಟಕ್ಕಿಂತ ಸುಮಾರು 32 ಡಿಗ್ರಿ ಕೆಳಮುಖವಾಗಿರುತ್ತದೆ. ಅಲ್ಲಿ ಸಮತಟ್ಟು ನೆಲವಿದ್ದರೆ ಇಡೀ 4.4 ಮೀಟರಿನ ವೇಗವನ್ನೂ ಕೈಕಾಲುಗಳು ಮತ್ತು ಸಸ್ಪೆನ್ಷನ್ ನುಂಗಿಕೊಳ್ಳಬೇಕು. ಅದೇ ಮಟ್ಟದಲ್ಲಿ 20 ಡಿಗ್ರಿ ಇಳಿಜಾರು ಇದ್ದರೆ ನೆಲಕ್ಕೆ ಲಂಬವಾಗಿರುವ ವೇಗ ಸೆಕೆಂಡಿಗೆ 1.8 ಮೀಟರಿಗಿಂತ ತುಸು ಕಡಿಮೆಯಾಗುತ್ತದೆ. ಗುದ್ದಿನ ದೃಷ್ಟಿಯಿಂದ ಇದು ಕೇವಲ 16 ಸೆಂಟಿಮೀಟರ್ ಎತ್ತರದಿಂದ ಸಮತಟ್ಟಿಗೆ ಬಿದ್ದಂತೆ.

ಈ ವ್ಯತ್ಯಾಸ ಬರೀ ಆರಾಮದ್ದಲ್ಲ. ಸಮತಟ್ಟಿಗೆ ಬಿದ್ದಾಗ ಸಸ್ಪೆನ್ಷನ್ ಪೂರ್ತಿ ಕುಗ್ಗುತ್ತದೆ, ಟೈರು ರಿಮ್ಮಿಗೆ ಒತ್ತಿ ಪಂಕ್ಚರ್ ಆಗುವ ಸಾಧ್ಯತೆ ಹೆಚ್ಚುತ್ತದೆ, ಪೆಡಲ್ ತುಳಿಯಲು ಮತ್ತೆ ಸಿದ್ಧವಾಗುವುದು ತಡವಾಗುತ್ತದೆ. ಏರಿಳಿತದ ಮಾರ್ಗವನ್ನು ಹಲವು ಸುತ್ತು ಸುತ್ತುವ ಕ್ರಾಸ್-ಕಂಟ್ರಿ ರೇಸಿನ ಬೈಕಿನ ಸಸ್ಪೆನ್ಷನ್ ಸಾಮಾನ್ಯವಾಗಿ 100ರಿಂದ 120 ಮಿಲಿಮೀಟರ್ ಚಲಿಸಿದರೆ ಬೆಟ್ಟದಿಂದ ಕೆಳಕ್ಕೆ ಇಳಿಯುವ ಡೌನ್‌ಹಿಲ್ ರೇಸಿನ ಬೈಕಿನದು 200 ಮಿಲಿಮೀಟರಿನ ಆಸುಪಾಸು. ಆದ್ದರಿಂದ ಡೌನ್‌ಹಿಲ್ ಸವಾರರು ಲೆಕ್ಕಿಸದೆ ಬಿಡುವ ಸಮತಟ್ಟು ಇಳಿತವನ್ನು ಕ್ರಾಸ್-ಕಂಟ್ರಿ ಸವಾರರು ಗಂಭೀರವಾಗಿಯೇ ಪರಿಗಣಿಸಬೇಕು. ಇಳಿಜಾರು ಅಂಚಿನ ಹತ್ತಿರವೇ ಮುಗಿದುಬಿಡುವಂತಿದ್ದರೆ ಅತಿ ವೇಗವೂ ಕೆಟ್ಟದ್ದೇ, ಏಕೆಂದರೆ ಇಳಿಜಾರನ್ನು ದಾಟಿ ಅದರಾಚೆಗಿನ ಸಮತಟ್ಟಿಗೆ, ಇನ್ನೂ ಹೆಚ್ಚಿನ ಎತ್ತರದಿಂದ, ಬೀಳಬೇಕಾಗುತ್ತದೆ.

ಹಾರದೆ ಉರುಳಿಸಿಕೊಂಡು ಇಳಿಯಬಹುದಾದ ಡ್ರಾಪನ್ನು ಗುರುತಿಸುವುದು ಹೇಗೆ?

ಹಿಂದಿನ ಚಕ್ರ ಇನ್ನೂ ಮೇಲಿರುವಾಗಲೇ ಮುಂದಿನ ಚಕ್ರಕ್ಕೆ ಕೆಳಗೆ ಓರೆಯಾದ ನೆಲ ಸಿಗಬೇಕು ಮತ್ತು ಪೆಡಲ್ ಬಳಿಯ ಹಲ್ಲುಚಕ್ರ ಅಂಚಿಗೆ ತಾಗಬಾರದು. ಇವೆರಡೂ ಇದ್ದರೆ ಉರುಳಿಸಬಹುದು. ಮುಂದಿನ ಚಕ್ರ ಇಳಿಯುವಲ್ಲಿ ಗುಳಿಯಿದ್ದರೆ ಮಾತ್ರ ಉರುಳಿಸುವ ವಿಚಾರ ಬಿಡುವುದು ಒಳಿತು, ಚಕ್ರ ಅಲ್ಲಿ ಸಿಕ್ಕಿಕೊಂಡಾಗ ದೇಹ ಮುಂದಕ್ಕೇ ಹೋಗುತ್ತದೆ.

ಜಂಪಿನಲ್ಲಿ ಎತ್ತರಕ್ಕೆ ಹಾರುವವರು ಯಾಕೆ ಸಾಮಾನ್ಯವಾಗಿ ವೇಗದವರಲ್ಲ?

ಗಾಳಿಯಲ್ಲಿರುವಾಗ ಪೆಡಲ್ ತುಳಿಯಲು ಆಗದು, ಬ್ರೇಕ್ ಹಿಡಿಯಲು ಆಗದು, ತಿರುಗಲು ಆಗದು, ನೆಲವನ್ನು ಒತ್ತಿ ವೇಗ ಪಡೆಯಲೂ ಆಗದು. ಮೇಲಕ್ಕೆ ಹೋಗಲು ಖರ್ಚಾದ ಶಕ್ತಿ ಬಂದಿಳಿಯುವಾಗ ಮರಳಿ ಸಿಗಬೇಕಾದರೆ ಇಳಿಯುವ ನೆಲ ಪಥಕ್ಕೆ ಹೊಂದುವಷ್ಟು ಕಡಿದಾಗಿರಬೇಕು. ಇಲ್ಲದಿದ್ದರೆ ಅದು ಗುದ್ದಾಗಿ ವ್ಯರ್ಥವಾಗುತ್ತದೆ. ಆದ್ದರಿಂದಲೇ ಡೌನ್‌ಹಿಲ್ ಸವಾರರು ಜಂಪಿನ ಮುಖದ ಮೇಲೆ ಮೊಣಕಾಲು ಮಡಚಿ ಎಸೆತವನ್ನು ನುಂಗುತ್ತಾರೆ, ಇಲ್ಲವೇ ಬೈಕನ್ನು ಪಕ್ಕಕ್ಕೆ ಮಲಗಿಸಿ ತಗ್ಗಾಗಿ ದಾಟುತ್ತಾರೆ. ಸ್ಕ್ರಬ್ ಎಂದು ಕರೆಯುವ ಈ ಎರಡನೆಯ ತಂತ್ರ ಮಣ್ಣಿನ ಹಾದಿಯ ಮೋಟಾರ್‌ಬೈಕ್ ರೇಸಾದ ಮೋಟೋಕ್ರಾಸಿನಿಂದ ಬಂದದ್ದು, ಅದನ್ನು ಪ್ರಸಿದ್ಧಿಗೆ ತಂದವರು ಅಮೆರಿಕದ ಜೇಮ್ಸ್ ಸ್ಟೂವರ್ಟ್.

ಲೈನಿನ ದೃಷ್ಟಿಯಿಂದ ಇದು ಒಂದು ಕುತೂಹಲದ ಆಯ್ಕೆಯನ್ನು ತೆರೆಯುತ್ತದೆ. ಒಂದೇ ಜಂಪಿನ ಮುಖದಲ್ಲಿ ಒಂದು ಬದಿ ಸವೆದು ತಗ್ಗಾಗಿದ್ದರೆ, ಅಲ್ಲಿಂದ ಹೋದವರು ಕಡಿಮೆ ಎತ್ತರಕ್ಕೆ ಎಸೆಯಲ್ಪಡುತ್ತಾರೆ. ಮೇಲ್ಭಾಗ ಮಟ್ಟವಾಗಿ ತುಂಬಿರುವ ಟೇಬಲ್‌ಟಾಪ್ ಜಂಪಿನಲ್ಲಿ ಇದು ಲಾಭ, ಏಕೆಂದರೆ ದೂರ ಕಡಿಮೆಯಾದರೂ ಕೆಳಗೆ ನೆಲವಿದೆ. ನಡುವೆ ಖಾಲಿ ಇರುವ ಗ್ಯಾಪಿನಲ್ಲಿ ಅದೇ ಆಯ್ಕೆ ಎದುರಿನ ಅಂಚಿಗೆ ಹಿಂದಿನ ಚಕ್ರ ಬಡಿಯುವಂತೆ ಮಾಡಬಹುದು.

ನೆಲವನ್ನು ಒತ್ತಿ ವೇಗ ಪಡೆಯುವುದರ ಬೆಲೆ ಎಷ್ಟೆಂದು ತಿಳಿಯಲು 2015ರ ವಿಶ್ವಕಪ್ಪಿನಲ್ಲಿ ಆಸ್ಟ್ರಿಯಾದ ಲಿಯೋಗ್ಯಾಂಗಿನಲ್ಲಿ ಅಮೆರಿಕದ ಡೌನ್‌ಹಿಲ್ ಸವಾರ ಆರನ್ ಗ್ವಿನ್ ಇಳಿದ ಬಗೆಯನ್ನು ನೋಡಬೇಕು. ಹೊರಡುತ್ತಲೇ ಅವರ ಚೈನ್ ತುಂಡಾಯಿತು. ಒಂದು ಸಲವೂ ಪೆಡಲ್ ತುಳಿದು ವೇಗ ಪಡೆಯಲಾಗದೆ, ತಿರುವು ಮತ್ತು ಜಂಪ್‌ಗಳಲ್ಲಿ ವೇಗ ಉಳಿಸಿಕೊಳ್ಳುವುದರಿಂದಲೇ ಅವರು ಆ ರೇಸನ್ನು ಗೆದ್ದರು.

ಬಿ-ಲೈನ್ ಹಿಡಿಯುವುದು ಹೇಡಿತನವೇ?

ಕ್ರಾಸ್-ಕಂಟ್ರಿ ಮಾರ್ಗಗಳಲ್ಲಿ ಕಠಿಣವಾದ ಡ್ರಾಪ್ ಅಥವಾ ಬಂಡೆಯ ಇಳುಕಲಿನ ಪಕ್ಕದಲ್ಲಿ ಸುತ್ತಿ ಹೋಗುವ ಸುಲಭದ ದಾರಿಯನ್ನು, ಅಂದರೆ ಬಿ-ಲೈನನ್ನು, ಇಡುವುದು ಸಾಮಾನ್ಯ. ಸವಾರರ ಬಾಯಲ್ಲಿ ಅದಕ್ಕೆ ಹೇಡಿಗಳ ದಾರಿ ಎಂಬ ಅಡ್ಡಹೆಸರೂ ಇದೆ. ಆ ಹೆಸರನ್ನು ಮರೆತು ಲೆಕ್ಕ ಹಾಕುವುದು ಲೇಸು.

ಬಿ-ಲೈನ್ ಪ್ರತಿ ಸುತ್ತಿಗೆ 4 ಸೆಕೆಂಡ್ ತಡ ಮಾಡುತ್ತದೆ ಮತ್ತು ರೇಸ್ 6 ಸುತ್ತಿನದು ಎಂದಿಟ್ಟುಕೊಳ್ಳೋಣ. ಒಟ್ಟು ನಷ್ಟ 24 ಸೆಕೆಂಡ್. ಡ್ರಾಪಿನ ಮೂಲಕವೇ ಹೋಗುವ ಎ-ಲೈನಿನಲ್ಲಿ ಹತ್ತು ಸಲಕ್ಕೆ ಒಮ್ಮೆ ಬೀಳುವ ಸವಾರರು, ಬಿದ್ದಾಗ 40 ಸೆಕೆಂಡ್ ಕಳೆದುಕೊಳ್ಳುವುದಾದರೆ, ಸರಾಸರಿಯಲ್ಲಿ ಅವರಿಗೆ ಎರಡೂ ದಾರಿ ಸಮ. ಬೀಳುವ ಸಂಭವ ಅದಕ್ಕಿಂತ ಹೆಚ್ಚಿದ್ದರೆ ಬಿ-ಲೈನೇ ವೇಗದ್ದು. ಇದರಲ್ಲಿ ಗಾಯದ, ಮುರಿದ ಬೈಕಿನ ಲೆಕ್ಕವನ್ನು ಸೇರಿಸಿಯೇ ಇಲ್ಲ. ಇನ್ನೊಂದು ಸೂಕ್ಷ್ಮವೂ ಇದೆ: ಬೀಳುವ ಸಂಭವ ಎಲ್ಲ ಸುತ್ತಿನಲ್ಲೂ ಒಂದೇ ಇರುವುದಿಲ್ಲ. ಅಭ್ಯಾಸದ ದಿನ ವಿಶ್ರಾಂತಿಯಲ್ಲಿದ್ದಾಗ ಹತ್ತಕ್ಕೆ ಹತ್ತು ಸಲ ಸರಿಯಾಗಿ ಇಳಿದವರು, ಕಡಿದಾದ ಏರು ಮುಗಿಸಿ ಏದುಸಿರು ಬಿಡುತ್ತ, ತೋಳು ಸೋತು ಬಂದಾಗ ಹಾಗೆಯೇ ಇಳಿಯುತ್ತಾರೆಂಬ ಭರವಸೆಯಿಲ್ಲ. ಅಭ್ಯಾಸದಲ್ಲಿ ಆ ಡ್ರಾಪನ್ನು ಬೇಕೆಂದೇ ದಣಿದ ಸ್ಥಿತಿಯಲ್ಲಿ ಒಮ್ಮೆಯಾದರೂ ಇಳಿದು ನೋಡದೆ ಎ-ಲೈನ್ ನಿಶ್ಚಯಿಸಬಾರದು.

ಎ-ಲೈನ್ ಪರವಾಗಿ ಹೇಳಬೇಕಾದದ್ದೂ ಇದೆ. ಸುತ್ತು ದಾರಿ ಬಿಗಿಯಾದ ತಿರುವಿನಿಂದ ಕೂಡಿದ್ದರೆ ಅಲ್ಲಿ ಕಳೆದುಕೊಂಡ ವೇಗವನ್ನು ಮತ್ತೆ ತುಳಿದು ಗಳಿಸಬೇಕು, ಆ ಶ್ರಮ ಗಡಿಯಾರದಲ್ಲಿ ಕೂಡಲೇ ಕಾಣದೆ ಮುಂದಿನ ಏರಿನಲ್ಲಿ ಕಾಣಿಸುತ್ತದೆ. ಮುಂದಿನವರ ಬೆನ್ನು ಹಿಡಿದು ಸಾಗುತ್ತಿರುವಾಗ ನಾಲ್ಕು ಸೆಕೆಂಡಿನ ಬಿರುಕು ಬರೀ ನಾಲ್ಕು ಸೆಕೆಂಡಾಗಿ ಉಳಿಯುವುದೂ ಅಪರೂಪ. ಆದ್ದರಿಂದ ಗುಂಪಿನೊಂದಿಗೆ ಇರುವಾಗ ಎ-ಲೈನ್, ಒಂಟಿಯಾಗಿ ಸುರಕ್ಷಿತ ಅಂತರದಲ್ಲಿ ಮುಂದಿರುವಾಗ ಬಿ-ಲೈನ್ ಎಂದು ಮೊದಲೇ ಎರಡು ತೀರ್ಮಾನ ಇಟ್ಟುಕೊಳ್ಳುವುದು ಜಾಣತನ.

ಮಾರ್ಗವನ್ನು ಮೊದಲು ನಡೆದು ನೋಡುವಾಗ ಏನನ್ನು ಗಮನಿಸಬೇಕು?

ಡೌನ್‌ಹಿಲ್ ವಿಶ್ವಕಪ್ಪಿನಲ್ಲಿ ಸವಾರಿಯ ಅಭ್ಯಾಸಕ್ಕೆ ಮೊದಲು ಕಾಲ್ನಡಿಗೆಯ ಪರಿಶೀಲನೆಗೆಂದೇ ಸಮಯ ಇಡುತ್ತಾರೆ. ಎಷ್ಟೇ ಚಿಕ್ಕ ರೇಸಾದರೂ ಈ ನಡಿಗೆಯನ್ನು ಬಿಡಬಾರದು. ಡ್ರಾಪನ್ನು ಮೇಲಿನಿಂದ ನೋಡಿದ ಮೇಲೆ ಕೆಳಗಿಳಿದು, ಹಿಂತಿರುಗಿ, ಇಳಿಯುವ ಜಾಗದಿಂದ ಅಂಚನ್ನು ನೋಡಬೇಕು. ಮೇಲಿನಿಂದ ಕಾಣದ ಗುಳಿ, ಬೇರು, ಸಡಿಲ ಕಲ್ಲು ಆಗ ಕಾಣುತ್ತವೆ. ಬಳಿಕ ಅಂಚಿಗೆ ಮರಳಿ, ಸವಾರಿಯಲ್ಲಿರುವಾಗ ಕಣ್ಣಿನ ಎತ್ತರ ಎಷ್ಟಿರುತ್ತದೋ ಅಷ್ಟಕ್ಕೆ ಬಗ್ಗಿ ನೋಡಬೇಕು. ಇಳಿಯುವ ಜಾಗ ಕಾಣದಿದ್ದರೆ ಅದರ ನೇರಕ್ಕೆ ದೂರದಲ್ಲಿ ಕಾಣುವ ಮರದ ಬೊಡ್ಡೆಯೋ ಬಂಡೆಯೋ ಗುರುತಾಗಬೇಕು. ಆ ಗುರುತು ಅಲುಗಾಡದ ವಸ್ತುವಾಗಿರಬೇಕು. ಮಾರ್ಗದ ಎರಡೂ ಬದಿಗೆ ಕಟ್ಟಿದ ಟೇಪ್ ಗಾಳಿಗೆ ಸರಿಯುತ್ತದೆ, ನೋಡಲು ನಿಂತ ಜನರಂತೂ ರೇಸಿನ ಹೊತ್ತಿಗೆ ಬೇರೆಡೆ ಇರುತ್ತಾರೆ.

ಅಭ್ಯಾಸದಲ್ಲಿ ಇದ್ದದ್ದು ರೇಸಿನ ದಿನ ಬದಲಾಗಿರಬಹುದೇ?

ಬದಲಾಗಬಹುದು, ಅದಕ್ಕೆ ಅತ್ಯುನ್ನತ ಮಟ್ಟದಲ್ಲೇ ಉದಾಹರಣೆಯಿದೆ. 2020ರ ಟೋಕಿಯೋ ಒಲಿಂಪಿಕ್ಸಿನ ಪುರುಷರ ಕ್ರಾಸ್-ಕಂಟ್ರಿ ರೇಸ್ 2021ರ ಜುಲೈ 26ರಂದು ಇಝುವಿನಲ್ಲಿ ನಡೆಯಿತು. ಅಲ್ಲಿನ ಒಂದು ಬಂಡೆಯ ಡ್ರಾಪಿನ ಕೆಳಗೆ ಅಭ್ಯಾಸದ ವೇಳೆ ಹಲಗೆಯ ಇಳಿಜಾರು ಇಟ್ಟಿದ್ದರು. ರೇಸಿನಲ್ಲೂ ಅದು ಇರುತ್ತದೆಂದು ಭಾವಿಸಿ ಮೊದಲ ಸುತ್ತಿನಲ್ಲೇ ಉರುಳಿಸಿಕೊಂಡು ಇಳಿಯಲು ಹೋದ ನೆದರ್‌ಲೆಂಡ್ಸಿನ ಮ್ಯಾಥ್ಯೂ ವ್ಯಾನ್ ಡರ್ ಪೂಲ್, ಹಲಗೆ ಇಲ್ಲದ್ದರಿಂದ ಮೂತಿ ಕೆಳಗಾಗಿ ಬಿದ್ದರು, ಮುಂದೆ ರೇಸನ್ನೇ ಬಿಡಬೇಕಾಯಿತು. ಉಳಿದ ಸವಾರರು ಅದೇ ಡ್ರಾಪನ್ನು ಹಾರಿ ದಾಟಿದರು, ಚಿನ್ನ ಬ್ರಿಟನ್ನಿನ ಟಾಮ್ ಪಿಡ್ಕಾಕ್ ಪಾಲಾಯಿತು. ಡ್ರಾಪ್ ವ್ಯಾನ್ ಡರ್ ಪೂಲ್ ಅವರಿಗೆ ಮೀರಿದ್ದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಉರುಳಿಸುವ ಲೈನನ್ನೂ ಹಾರುವ ಲೈನನ್ನೂ ಬೇರೆ ಮಾಡುವುದು ಕೆಳಗಿನ ನೆಲ, ಆ ನೆಲವೇ ಬೇರೆಯಾಗಿತ್ತು. ರೇಸಿನ ಬೆಳಿಗ್ಗೆ ಅನುಮತಿಯಿರುವ ಕೊನೆಯ ಅವಧಿಯಲ್ಲಿ ಮುಖ್ಯ ಅಡೆತಡೆಗಳನ್ನು ಕಣ್ಣಾರೆ ನೋಡುವುದು, ತಾತ್ಕಾಲಿಕವಾಗಿ ಇಟ್ಟ ವಸ್ತುಗಳ ಬಗ್ಗೆ ಅಧಿಕಾರಿಗಳನ್ನು ನೇರವಾಗಿ ಕೇಳುವುದು, ಎರಡೂ ಅಗತ್ಯ.

ಬದಲಾವಣೆ ಯಾರೂ ಮಾಡದೆಯೂ ಆಗುತ್ತದೆ. ನೂರಾರು ಚಕ್ರಗಳು ಹಾದ ಮೇಲೆ ಇಳಿಯುವ ಜಾಗದಲ್ಲಿ ಗುಳಿ ಬೀಳುತ್ತದೆ, ಬ್ರೇಕಿನಿಂದ ನೆಲ ಅಲೆಅಲೆಯಾಗುತ್ತದೆ. ಮೊದಲ ದಿನದ ಅತ್ಯುತ್ತಮ ಲೈನ್ ಎಲ್ಲರ ಲೈನಾಗಿರುವುದರಿಂದಲೇ ಮೂರನೆಯ ದಿನಕ್ಕೆ ಕೆಟ್ಟಿರುತ್ತದೆ. ಅದರ ಪಕ್ಕದ ಒಂದಡಿ ನೆಲ ಹಲವು ಸಲ ಹಾಗೆಯೇ ಉಳಿದಿರುತ್ತದೆ.

ಮಳೆ ಬಂದರೆ ಆಯ್ಕೆ ಹೇಗೆ ಬದಲಾಗುತ್ತದೆ?

ಒದ್ದೆಯಾದಾಗ ಹೆದರಬೇಕಾದದ್ದು ಹಾರಾಟಕ್ಕಲ್ಲ, ಅದರ ಎರಡು ತುದಿಗಳಿಗೆ. ಅಂಚಿನಲ್ಲಿ ಓರೆಯಾಗಿ ಹರಿದ ಒದ್ದೆ ಬೇರು ಹಿಂದಿನ ಚಕ್ರವನ್ನು ಜಾರಿಸಿ ಬೈಕನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತದೆ, ಮುಂದಿನದೆಲ್ಲ ಗಾಳಿಯಲ್ಲಿ ತಿದ್ದಲಾಗದ ತಪ್ಪು. ಆದ್ದರಿಂದ ಅಂಚನ್ನು ಆದಷ್ಟು ನೇರವಾಗಿ ದಾಟಬೇಕು, ಓರೆ ಹಾರಾಟದ ಜಾಣ್ಮೆಗಳನ್ನು ಬದಿಗಿಡಬೇಕು. ಇಳಿದ ಕೂಡಲೇ ತಿರುಗಬೇಕಾದ ಲೈನನ್ನು ಬಿಟ್ಟು, ಇಳಿದ ಮೇಲೆ ಒಂದೆರಡು ಮೀಟರ್ ನೇರ ಸಿಗುವ ಲೈನನ್ನು ಹಿಡಿಯಬೇಕು. ಕೆಸರಿನಲ್ಲಿ ಜಂಪಿಗೆ ಮುಂಚಿನ ವೇಗವೂ ಕುಸಿಯುತ್ತದೆ, ದೂರವು ವೇಗದ ವರ್ಗಕ್ಕೆ ಅನುಗುಣ ಎಂಬ ಲೆಕ್ಕ ನೆನಪಿರಲಿ.

ಹಾಗೆಂದು ಮಳೆಯಲ್ಲಿ ಗಾಳಿಯಲ್ಲಿರುವುದು ಯಾವಾಗಲೂ ನಷ್ಟವಲ್ಲ. ಜಾರುವ ಬೇರುಗಳ ಜಾಲವನ್ನು ಒಂದೇ ಹಾರಿಕೆಯಲ್ಲಿ ದಾಟಲು ಸಾಧ್ಯವಾದರೆ ಅದು ಒಣ ದಿನಕ್ಕಿಂತ ಹೆಚ್ಚು ಲಾಭದಾಯಕ. 2011ರಲ್ಲಿ ಸ್ವಿಟ್ಜರ್ಲೆಂಡಿನ ಶಾಂಪೆರಿಯಲ್ಲಿ, ಕಡಿದಾದ ಕೆಸರಿನ ಮಾರ್ಗದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಬ್ರಿಟನ್ನಿನ ಡ್ಯಾನಿ ಹಾರ್ಟ್ 11 ಸೆಕೆಂಡಿಗೂ ಹೆಚ್ಚಿನ ಅಂತರದಿಂದ ಡೌನ್‌ಹಿಲ್ ಪಟ್ಟ ಗೆದ್ದರು. ಒಂದು ಸೆಕೆಂಡಿನ ಭಾಗಗಳಲ್ಲಿ ಗೆಲುವು ನಿರ್ಧಾರವಾಗುವ ಕ್ರೀಡೆಯಲ್ಲಿ ಇಂಥ ಅಂತರ ತೀರಾ ವಿರಳ.

ಗಾಳಿ ಬೀಸುತ್ತಿದ್ದರೆ?

ಅಡ್ಡಗಾಳಿಯಲ್ಲಿ ಗಾಳಿ ಬರುವ ಬದಿಗೆ ಹತ್ತಿರದಿಂದ ಹೊರಟು, ಸರಿಯಲು ಜಾಗ ಬಿಟ್ಟುಕೊಂಡು, ತಗ್ಗಾಗಿ ದಾಟಬೇಕು. ಎದುರುಗಾಳಿಯಿದ್ದರೆ ಗ್ಯಾಪ್ ತಲುಪಲು ಹೆಚ್ಚಿನ ವೇಗ ಬೇಕು.

ಮುಂದೆ ಇನ್ನೊಬ್ಬ ಸವಾರರಿದ್ದಾಗ ನಮ್ಮ ಲೈನ್ ಹಿಡಿಯುವುದು ಹೇಗೆ?

ಹಾರುವ ಜಾಗದಲ್ಲಿ ಇನ್ನೊಬ್ಬರ ಚಕ್ರಕ್ಕೆ ಅಂಟಿಕೊಂಡು ಹೋಗಬಾರದು. ಅವರು ಇಳಿದಲ್ಲಿ ಬಿದ್ದರೆ, ಆಗಲೇ ನೆಲ ಬಿಟ್ಟಿರುವ ನಮಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಒಂದು ಡ್ರಾಪಿನ ಹಾರಾಟ ಅರ್ಧ ಸೆಕೆಂಡಿನ ಆಸುಪಾಸಿನದು, ಒಂದು ಮೀಟರಿಗೆ 0.45, ಎರಡು ಮೀಟರಿಗೆ 0.64 ಸೆಕೆಂಡ್. ಅದಕ್ಕೆ ನಮ್ಮ ಪ್ರತಿಕ್ರಿಯೆಯ ಸಮಯವನ್ನೂ ಸೇರಿಸಿ, ಕನಿಷ್ಠ ಒಂದೂವರೆ ಸೆಕೆಂಡಿನ ಅಂತರ ಬಿಡಬೇಕು. ವಿಶೇಷವಾಗಿ ನಿಧಾನ ಸವಾರರ ಹಿಂದೆ ಸಿಕ್ಕಿಕೊಂಡಾಗ, ಅಂಚಿಗೆ ಮುಂಚೆಯೇ ಬೇಕೆಂದು ಹಿಂದುಳಿದು, ಬಳಿಕ ನಮ್ಮ ವೇಗದಲ್ಲಿ ಅಂಚು ದಾಟಿದರೆ ಇಳಿದ ಮೇಲೆ ಅವರನ್ನು ಹಿಂದಿಕ್ಕಲು ಬೇಕಾದ ವೇಗವೂ ಕೈಯಲ್ಲಿರುತ್ತದೆ.

ಹಿಂದಿಕ್ಕಲು ಎರಡನೆಯ ಲೈನ್ ತಿಳಿದಿರುವುದೇ ದೊಡ್ಡ ಆಸ್ತಿ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎಲಾಂಕೂರ್ ಬೆಟ್ಟದ ಮಾರ್ಗದ ಕೊನೆಯ ಸುತ್ತಿನಲ್ಲಿ, ಮರವೊಂದರ ಎರಡೂ ಬದಿಗೆ ದಾರಿ ಕವಲೊಡೆದಲ್ಲಿ ಮುಂದಿದ್ದ ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿ ಒಂದು ಬದಿ ಹಿಡಿದರೆ ಪಿಡ್ಕಾಕ್ ಇನ್ನೊಂದನ್ನು ಹಿಡಿದರು. ದಾರಿಗಳು ಕೂಡುವಲ್ಲಿ ಇಬ್ಬರೂ ತಾಗಿಕೊಂಡರು, ಪಿಡ್ಕಾಕ್ ಮುಂದಾಗಿ ಚಿನ್ನ ಉಳಿಸಿಕೊಂಡರು. ಅಲ್ಲಿ ಡ್ರಾಪ್ ಇರಲಿಲ್ಲ. ಆದರೂ ಎ ಮತ್ತು ಬಿ ದಾರಿಗಳು ಮತ್ತೆ ಸೇರುವ ಪ್ರತಿಯೊಂದು ಜಾಗದಲ್ಲಿ ಇದೇ ಸನ್ನಿವೇಶ ಉಂಟಾಗುತ್ತದೆ, ಕೂಡುವ ಬಿಂದುವಿಗೆ ಯಾವ ದಾರಿ ಒಳಬದಿಯಿಂದ ಬರುತ್ತದೆ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ಡ್ರಾಪರ್ ಪೋಸ್ಟ್ ಇದ್ದರೆ ಲೈನ್ ಬದಲಾಗುತ್ತದೆಯೇ?

ಸವಾರಿಯ ನಡುವೆಯೇ ಲಿವರ್ ಒತ್ತಿ ಸೀಟನ್ನು ಇಳಿಸಬಹುದಾದ ಕಂಬವೇ ಡ್ರಾಪರ್ ಪೋಸ್ಟ್. ಸೀಟು ಕೆಳಗಿಳಿದರೆ ಬೈಕು ದೇಹದ ಕೆಳಗೆ ಚಲಿಸಲು ಜಾಗ ಸಿಗುತ್ತದೆ, ಹೀಗಾಗಿ ಸೀಟು ಎತ್ತರದಲ್ಲಿದ್ದಾಗ ಬಿ-ಲೈನ್ ಹಿಡಿಯುತ್ತಿದ್ದವರು ಎ-ಲೈನ್ ಯೋಚಿಸಬಹುದು. ಸೀಟನ್ನು ಇಳಿಸುವ ಜಾಗವೂ ಲೈನಿನ ಭಾಗವೇ ಎಂಬುದನ್ನು ಮರೆಯಬಾರದು, ಅಂಚಿನ ಬಳಿ ಹೆಬ್ಬೆರಳು ಲಿವರನ್ನು ಹುಡುಕುತ್ತಿರಬಾರದು.

ಟೇಪಿನ ಹೊರಗಿನಿಂದ ಹೋಗಿ ಡ್ರಾಪನ್ನು ತಪ್ಪಿಸಬಹುದೇ?

ಇಲ್ಲ. ಟೇಪಿನ ಒಳಗಿರುವುದೆಲ್ಲ ಮಾರ್ಗ, ಹೊರಗಿರುವುದು ಮಾರ್ಗವಲ್ಲ. ಆಕಸ್ಮಿಕವಾಗಿ ಹೊರಗೆ ಹೋದವರು ಹೊರಬಿದ್ದ ಜಾಗದಿಂದಲೇ ಒಳಬರಬೇಕು, ಇಲ್ಲದಿದ್ದರೆ ದಂಡನೆಯೋ ಅನರ್ಹತೆಯೋ ಎದುರಾಗುತ್ತದೆ. ಟೇಪುಗಳ ನಡುವಿನ ಪೂರ್ತಿ ಅಗಲವನ್ನು ಬಳಸುವುದು ಮಾತ್ರ ಸಂಪೂರ್ಣ ನ್ಯಾಯಸಮ್ಮತ. ಎಲ್ಲರೂ ತುಳಿದ ಗೆರೆಯನ್ನು ಬಿಟ್ಟು ಟೇಪಿನ ಅಂಚಿಗೆ ಕಣ್ಣು ಹಾಯಿಸದವರು ಸಿಗಬಹುದಾದ ಸಮಯವನ್ನು ಅಲ್ಲಿಯೇ ಬಿಟ್ಟು ಹೋಗುತ್ತಾರೆ.

ತಪ್ಪು ಜಾಗದಲ್ಲಿ ಅಂಚಿಗೆ ಬಂದುಬಿಟ್ಟರೆ ಏನು ಮಾಡಬೇಕು?

ಪ್ರತಿಯೊಂದು ಡ್ರಾಪ್ ಮತ್ತು ಜಂಪಿಗೂ ಮುಂಚೆ, ಅಲ್ಲಿಂದ ಮುಂದೆ ನಿಲ್ಲಿಸಲಾಗದು ಎಂಬ ಒಂದು ಬಿಂದು ಇರುತ್ತದೆ. ನಡೆದು ನೋಡುವಾಗಲೇ ಅದನ್ನು ಗುರುತಿಸಿರಬೇಕು. ಆ ಬಿಂದುವಿಗೆ ಮುಂಚೆ ತಪ್ಪು ಗೊತ್ತಾದರೆ ಬ್ರೇಕ್ ಹಿಡಿದು ಬಿ-ಲೈನಿಗೆ ಹೋಗಬೇಕು, ಅದು ಇಲ್ಲದ ಕಡೆ ನಿಂತು ಬೈಕನ್ನು ನಡೆಸಿಕೊಂಡು ಇಳಿಯಬೇಕು. ಬಿಂದು ದಾಟಿದ ಮೇಲೆ ಗೊತ್ತಾದರೆ ಬ್ರೇಕನ್ನು ಮುಟ್ಟದೆ, ಅಂಚನ್ನು ಎಲ್ಲಿ ತಲುಪುತ್ತೇವೋ ಅಲ್ಲಿಂದಲೇ ನೇರವಾಗಿ ಹೊರಟು, ಆ ನೇರದಲ್ಲಿ ಕೆಳಗೆ ಸಿಗುವ ನೆಲಕ್ಕೆ ಸಿದ್ಧರಾಗಬೇಕು. ಕೊನೆಯ ಗಳಿಗೆಯಲ್ಲಿ ಸರಿಯಾದ ಲೈನಿಗೆ ಹಾರಲು ಹ್ಯಾಂಡಲ್ ತಿರುಗಿಸುವುದು ತಪ್ಪು ಲೈನಿಗಿಂತಲೂ ಕೆಟ್ಟದ್ದು, ಏಕೆಂದರೆ ತಿರುಗಿದ ಚಕ್ರದೊಂದಿಗೆ ಓರೆಯಾಗಿ ಅಂಚು ದಾಟುವ ಬೈಕು ಇಳಿದಾಗ ಹೋಗುವ ದಿಕ್ಕು ಒಂದು, ಚಕ್ರ ನೋಡುವ ದಿಕ್ಕು ಇನ್ನೊಂದು ಆಗಿರುತ್ತದೆ. ಇದೇ ಕಾರಣಕ್ಕೆ ಆರಿಸಿದ ಲೈನಿನ ಎಡಕ್ಕೂ ಬಲಕ್ಕೂ ಅರ್ಧ ಮೀಟರಿನಷ್ಟು ನೆಲವನ್ನು ಪರಿಶೀಲಿಸಿಟ್ಟುಕೊಳ್ಳಬೇಕು. ಒಂದು ಬದಿಗೆ ಅರ್ಧ ಮೀಟರ್ ತಪ್ಪಿದರೆ ನೇರ ಮರಕ್ಕೆ ಹೊಡೆಯುವ ಲೈನು ಅತ್ಯಂತ ವೇಗದ್ದಾಗಿದ್ದರೂ ಅರ್ಹತಾ ಸುತ್ತಿನಲ್ಲಿ ಅದನ್ನು ಬಿಟ್ಟು, ಅಂತಿಮ ಓಟಕ್ಕಷ್ಟೇ ಮೀಸಲಿಡಬಹುದು.